ಅಣ್ಣನ ಮುಂದೆ ಹೇಳದ ಒಂದು ಗುಳಿಗೆ

ನನ್ನ ಮಗ ಹುಟ್ಟಿದ್ದು 2013ರ ಜೂನ್‌ನಲ್ಲಿ. ಮಿರಗದ ಮಳೆ ಬಿದ್ದಿತ್ತು. ಶಹಾಪುರದ ಕಡೆ ಎಲ್ಲರೂ ಬಿತ್ತನೆಯ ಗಡಿಬಿಡಿಯಲ್ಲಿದ್ದರು. ಕೂಸು ಚೆನ್ನಾಗಿ ಬಂತು, ಮಾಸೂ ಬಿತ್ತು, ಆದರೆ ರಕ್ತ ನಿಲ್ಲಲಿಲ್ಲ. ನನಗೆ ನೆನಪಿರೋದು ತಲೆ ಮೇಲಿನ ಫ್ಯಾನು ಮತ್ತು ಅವ್ವನ ದನಿ ಮಾತ್ರ. ನಾಲ್ಕು ಬಾಟ್ಲಿ ರಕ್ತ ಹಾಕಿದ್ದರಂತೆ. ಅಣ್ಣನೂ ಒಂದು ಬಾಟ್ಲಿ ಕೊಟ್ಟಿದ್ದನಂತೆ. ಇದೆಲ್ಲಾ ಆಮೇಲೆ ಗೊತ್ತಾಗಿದ್ದು.

ಎದೆಹಾಲು ಬರಲಿಲ್ಲ. ಒಂದು ಹನಿಯೂ ಇಲ್ಲ. ಅವ್ವ ಅಳವಿ ಪಾಯಸ ಮಾಡಿ ಕುಡಿಸಿದಳು. ಸಬ್ಬಸಗಿ, ಬೆಳ್ಳುಳ್ಳಿ, ಕೊಬ್ಬರಿ, ಯಾವುದನ್ನೂ ಬಿಡಲಿಲ್ಲ. ನೋಡಲು ಬಂದ ಹೆಂಗಸೊಬ್ಬರು, "ಹಂಗ್ಯಾಕ ಬೇ, ಕೂಸಿನ ಮ್ಯಾಲ ಮನಸಿಲ್ಲೇನು?" ಅಂದರು. ಆ ಮಾತು ಮೂರು ವರ್ಷ ನನ್ನನ್ನು ಕೊರೆಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಟೀಚರ್. ಮಿದುಳಿನ ಕೆಳಗೆ ಕುಳಿತು ಮೈಯ ಬೇರೆ ಹಾರ್ಮೋನು ಗ್ರಂಥಿಗಳಿಗೆ ಅಪ್ಪಣೆ ಕೊಡುವ ಪಿಟ್ಯುಟರಿ ಗ್ರಂಥಿಯ ಪಾಠವನ್ನು ಮಕ್ಕಳಿಗೆ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಆದರೂ ನನ್ನ ಮೈಯಲ್ಲಿ ಏನಾಗಿದೆ ಅಂತ ನನಗೆ ಹೊಳೆಯಲಿಲ್ಲ. ಮುಟ್ಟು ಮತ್ತೆ ಬರಲೇ ಇಲ್ಲ. ಕಂಕುಳ ಕೂದಲು ಉದುರಿತು, ಹುಬ್ಬು ತೆಳುವಾಯಿತು. ಮೇ ತಿಂಗಳ ಬಿಸಿಲಲ್ಲಿ, ಉಳಿದವರು ಅಂಗಳದಲ್ಲಿ ಮಲಗಿ ಬೀಸಣಿಗೆ ಆಡಿಸುವಾಗ, ನಾನು ಚಾದರ ಹೊದ್ದುಕೊಂಡಿರುತ್ತಿದ್ದೆ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಸುಸ್ತು. ಬಾಣಂತನ ಸರಿಯಾಗಿ ಆಗಿಲ್ಲ ಅಂತ ಅವ್ವನನ್ನು ಜನ ಬೈದರು. ಪಾಪ, ಅವ್ವ ಅದನ್ನು ನಂಬಿಬಿಟ್ಟಿದ್ದಳು.

2016ರ ದೀಪಾವಳಿ ಹೊತ್ತಿಗೆ ಜ್ವರ ಬಂತು, ಎರಡು ದಿನ ವಾಂತಿ ಆಯಿತು. ಮೂರನೇ ದಿನ ಬಚ್ಚಲಲ್ಲಿ ಬಿದ್ದೆ. ಅಣ್ಣ ಜೀಪು ಮಾಡಿಕೊಂಡು ಕಲಬುರಗಿಗೆ ಕರೆದುಕೊಂಡು ಹೋದ. ಜೇವರ್ಗಿ ದಾಟಿ ಭೀಮಾ ಹೊಳೆಯ ಸೇತುವೆ ಬಂದಾಗ ಒಮ್ಮೆ ಕಣ್ಣು ಬಿಟ್ಟಿದ್ದೆನಂತೆ. ಆಸ್ಪತ್ರೆ ಮುಟ್ಟಿದಾಗ ರಕ್ತದೊತ್ತಡ 80 ಕೂಡ ಇರಲಿಲ್ಲ. ಸೋಡಿಯಂ 118. ಅದು ಕನಿಷ್ಠ 135 ಇರಬೇಕು.

ಅಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕುಳಿತರು. ಎರಡೇ ಪ್ರಶ್ನೆ ಕೇಳಿದರು.

"ಅಕ್ಕೋರೆ, ಕೂಸಿಗಿ ಹಾಲು ಕೊಟ್ಟಿದ್ರೇನು?"

"ಬರಲೇ ಇಲ್ರಿ" ಅಂದೆ.

"ಹೆರಿಗ್ಯಾಗ ರಕ್ತ ಭಾಳ ಹೋಗಿತ್ತೇನು?"

ಅವ್ವ ಅಳೋಕೆ ಶುರು ಮಾಡಿದಳು. ಅವಳ ಅಳುವೇ ಉತ್ತರವಾಯಿತು.

ಎಂಆರ್‌ಐ ಮಾಡಿದಾಗ ಪಿಟ್ಯುಟರಿ ಇರಬೇಕಾದ ಜಾಗ ಹೆಚ್ಚುಕಡಿಮೆ ಖಾಲಿ ಕಂಡಿತು. ಇದಕ್ಕೆ ಶೀಹನ್ ಸಿಂಡ್ರೋಮ್ ಅನ್ನುತ್ತಾರೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ಹೆರಾಲ್ಡ್ ಶೀಹನ್ ಅನ್ನುವ ವೈದ್ಯರು 1937ರಲ್ಲಿ ಇದನ್ನು ವಿವರಿಸಿ ಬರೆದರು. ಬಸುರಿಯಲ್ಲಿ ಈ ಗ್ರಂಥಿ ಉಬ್ಬಿ ದೊಡ್ಡದಾಗುತ್ತದೆ. ಆಗ ಅದಕ್ಕೆ ರಕ್ತ ಜಾಸ್ತಿ ಬೇಕು. ಸರಿಯಾಗಿ ಅದೇ ಹೊತ್ತಿಗೆ ಹೆರಿಗೆಯಲ್ಲಿ ರಕ್ತ ಹರಿದು ಹೋದರೆ ಗ್ರಂಥಿ ಒಣಗಿ ಸಾಯುತ್ತದೆ. ಹಾಲು ಬರಲು ಪ್ರೊಲ್ಯಾಕ್ಟಿನ್ ಬೇಕು, ಅದನ್ನು ಕಳಿಸುವುದು ಈ ಗ್ರಂಥಿಯೇ. ನನ್ನ ಮನಸ್ಸಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅವ್ವನ ಬಾಣಂತನಕ್ಕೂ ಇರಲಿಲ್ಲ. ಇದನ್ನು ಕೇಳಿದ ರಾತ್ರಿ ಅವ್ವ ಮತ್ತು ನಾನು ಒಂದೇ ಮಂಚದಲ್ಲಿ ಕುಳಿತು ಬಹಳ ಹೊತ್ತು ಸುಮ್ಮನಿದ್ದೆವು.

ನಮ್ಮ ದೇಶದಲ್ಲಿ ಇದು ಅಪರೂಪದ ಕಾಯಿಲೆಯೇನಲ್ಲ. ಕಾಶ್ಮೀರದಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ, 20 ವರ್ಷ ದಾಟಿದ, ಹೆತ್ತ ಹೆಂಗಸರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಇದು ಕಂಡಿತ್ತು. ಅದನ್ನು ಓದಿದಾಗಿನಿಂದ, ಯಾರಾದರೂ "ಹೆತ್ತ ಮೇಲೆ ಏಳಲಿಕ್ಕೇ ಆಗಲಿಲ್ಲ" ಅಂದರೆ ನಾನು ಅವರನ್ನು ಕೂಡಿಸಿಕೊಂಡು ಹಾಲಿನ ಬಗ್ಗೆ, ಮುಟ್ಟಿನ ಬಗ್ಗೆ ಕೇಳುತ್ತೇನೆ.

ಚಿಕಿತ್ಸೆ ಶುರುವಾಯಿತು. ಮೊದಲು ಹೈಡ್ರೋಕಾರ್ಟಿಸೋನ್, ಅಂದರೆ ಮೈ ತಾನೇ ಮಾಡಬೇಕಿದ್ದ ಕಾರ್ಟಿಸೋಲ್ ಹಾರ್ಮೋನಿನ ಗುಳಿಗೆ, ಆಮೇಲೆ ಥೈರಾಯ್ಡಿನ ಗುಳಿಗೆ. ಈ ಕ್ರಮ ತಪ್ಪಬಾರದು ಅಂತ ಡಾಕ್ಟರು ಮೂರು ಸಲ ಹೇಳಿದರು. ಕಾರ್ಟಿಸೋಲ್ ಇಲ್ಲದ ಮೈಗೆ ಥೈರಾಯ್ಡ್ ಗುಳಿಗೆ ಮೊದಲು ಕೊಟ್ಟರೆ ಜೀವಕ್ಕೇ ಕುತ್ತು. ಒಂದು ವಾರದಲ್ಲಿ ನಾನು ಎದ್ದು ಓಡಾಡಿದೆ. ಜ್ವರ ಬಂದರೆ ಹೈಡ್ರೋಕಾರ್ಟಿಸೋನ್ ಎರಡು ಪಟ್ಟು ತಗೋಬೇಕು, ವಾಂತಿಯಾದರೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು ಅನ್ನುವ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ.

ಉಳಿದದ್ದು ಹೆಂಗಸರ ಹಾರ್ಮೋನು. ಅದಕ್ಕೆ ಇನ್ನೊಂದು ಊರಿನ ಲೇಡಿ ಡಾಕ್ಟರ್ ಹತ್ತಿರ ಹೋದೆ. ಅವರು ಒಂದು ಸ್ಟ್ರಿಪ್ ಬರೆದುಕೊಟ್ಟರು. 21 ಗುಳಿಗೆ, ಒಂದು ವಾರ ಬಿಡುವು, ಆಗ ಮುಟ್ಟು. ಅದು ಗರ್ಭ ನಿಲ್ಲದ ಹಾಗೆ ತಗೊಳ್ಳುವ ಅದೇ ಗುಳಿಗೆ. ನನಗೆ ಈಸ್ಟ್ರೋಜನ್ ಬೇಕಿತ್ತು, ಅದರಲ್ಲಿ ಈಸ್ಟ್ರೋಜನ್ ಇತ್ತು. ಬೆಲೆಯೂ ಕಡಿಮೆ. ಬರೆದುಕೊಟ್ಟಿದ್ದರಲ್ಲಿ ತಪ್ಪಿರಲಿಲ್ಲ. ನಾನು ಆ ಸ್ಟ್ರಿಪ್ಪನ್ನು ಬೀರುವಿನಲ್ಲಿ, ಕುಪ್ಪಸದ ಕಣಗಳ ಕೆಳಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಇಡುತ್ತಿದ್ದೆ. ಅತ್ತೆಯವರು ನೋಡಿದರೆ "ಎರಡನೇ ಕೂಸು ಬ್ಯಾಡಂತ ಗುಳಿಗಿ ನುಂಗಲಕತ್ತಾಳ" ಅಂದುಕೊಳ್ಳುತ್ತಾರೆ ಅನ್ನೋ ಭಯ. ಉಳಿದ ಗುಳಿಗೆಗಳು ಅಡುಗೆಮನೆಯ ಮಾಡದಲ್ಲಿ, ಎಲ್ಲರಿಗೂ ಕಾಣುವ ಹಾಗೆ. ಇದೊಂದು ಮಾತ್ರ ಬೇರೆ ಕಡೆ. ಹೀಗೇ ಅದು ನನ್ನ ಲೆಕ್ಕದಲ್ಲಿ "ಔಷಧಿ" ಅನ್ನೋ ಪಟ್ಟಿಯಿಂದಲೇ ಹೊರಗೆ ಉಳಿಯಿತು.

ಐದು ವರ್ಷ ಹೀಗೇ ನಡೆಯಿತು. ಬದುಕಿದ್ದೆ, ಶಾಲೆಗೆ ಹೋಗುತ್ತಿದ್ದೆ. ಆದರೆ ಮಧ್ಯಾಹ್ನದ ಹೊತ್ತಿಗೆ ಮೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಹೊಟ್ಟೆಯ ಸುತ್ತ ಕೊಬ್ಬು ಬಂತು, ತೋಳು ತೊಡೆ ಸೊರಗಿದವು. ಎಲುಬಿನ ಪರೀಕ್ಷೆಯಲ್ಲಿ ಎಲುಬು ತೆಳುವಾಗಿದೆ ಅಂತ ಬಂತು. ಪಿಟ್ಯುಟರಿ ಹೋದರೆ ಗ್ರೋತ್ ಹಾರ್ಮೋನೂ ಹೋಗುತ್ತದೆ. ಹೆಸರು ಬೆಳವಣಿಗೆಯದ್ದಾದರೂ ಅದು ಮಕ್ಕಳಿಗೆ ಮಾತ್ರ ಬೇಕಾದ್ದಲ್ಲ. ದೊಡ್ಡವರಲ್ಲಿ ಸ್ನಾಯು, ಎಲುಬು, ಕೊಬ್ಬಿನ ಲೆಕ್ಕ ನೋಡಿಕೊಳ್ಳುವುದು ಅದೇ.

2022ರ ಜನವರಿಯಲ್ಲಿ ಅಣ್ಣ ನನ್ನನ್ನು ಹೈದರಾಬಾದಿಗೆ ಕರೆದುಕೊಂಡು ಹೋದ. ಅಲ್ಲಿನ ಹಾರ್ಮೋನು ಡಾಕ್ಟರು ಗ್ರೋತ್ ಹಾರ್ಮೋನಿನ ಇಂಜೆಕ್ಷನ್ ಆರು ತಿಂಗಳು ಹಾಕಿ ನೋಡೋಣ ಅಂದರು. ದುಬಾರಿ ಅಂತ ಮೊದಲೇ ಹೇಳಿದರು. ಅಣ್ಣ, "ದುಡ್ಡಿನ ಮಾತು ಬ್ಯಾಡ್ರಿ, ಶುರು ಮಾಡ್ರಿ" ಅಂದ. ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿ, ಹೆಂಗಸರ ಹಾರ್ಮೋನು ಏನಾದರೂ ತಗೊಳ್ತೀರಾ ಅಂತ ಕೇಳಿದರು.

ಪಕ್ಕದ ಕುರ್ಚಿಯಲ್ಲಿ ಅಣ್ಣ ಕುಳಿತಿದ್ದ. ನನ್ನ ಬಾಯಿ ಕಟ್ಟಿತು. "ಅದನ್ನ ಲೇಡಿ ಡಾಕ್ಟರ್ ನೋಡ್ಕೋತಾರ್ರಿ" ಅಂದುಬಿಟ್ಟೆ. ಅವರು ತಲೆ ಅಲ್ಲಾಡಿಸಿ ಮುಂದಿನದು ಬರೆದರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಆ ಒಂದು ವಾಕ್ಯಕ್ಕೆ ನಾನು ಹದಿನಾರು ತಿಂಗಳು ಬೆಲೆ ಕೊಟ್ಟೆ.

ಇಂಜೆಕ್ಷನ್ ಅಂದರೆ ಒಂದು ಪೆನ್ನು, ಇನ್ಸುಲಿನ್ ಪೆನ್ನಿನ ಹಾಗೆ. ರಾತ್ರಿ ಮಲಗುವ ಮುಂಚೆ ತೊಡೆಗೆ ಚುಚ್ಚಿಕೊಳ್ಳಬೇಕು, ಯಾಕೆಂದರೆ ಸಹಜವಾಗಿಯೂ ಈ ಹಾರ್ಮೋನು ನಿದ್ದೆಯಲ್ಲೇ ಹೆಚ್ಚು ಸುರಿಯುತ್ತದೆ. ಇದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಿಸಿಯೂ ಆಗಬಾರದು, ಹೆಪ್ಪೂ ಗಟ್ಟಬಾರದು. ನಮ್ಮ ಕಡೆ ಮೇ ತಿಂಗಳಲ್ಲಿ 43 ಡಿಗ್ರಿ ಮುಟ್ಟುತ್ತದೆ, ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ನಾನು ಫ್ರಿಜ್ಜಿನಲ್ಲಿ ಒಂದು ಥರ್ಮಾಮೀಟರ್ ಇಟ್ಟೆ. ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ಯಾರೂ ತೆಗೆಯಬಾರದು ಅಂತ ಮನೆಯಲ್ಲಿ ಕಟ್ಟಪ್ಪಣೆ. ಒಮ್ಮೆ ಪೆನ್ನು ಹಿಂದಕ್ಕೆ ಸರಿದು, ಐಸ್ ಕಟ್ಟುವ ಗೋಡೆಗೆ ತಾಗಿ ಹೆಪ್ಪುಗಟ್ಟಿತ್ತು. ಅದನ್ನು ಎಸೆದೆ. ಆ ದಿನ ನಾನು ಊಟ ಮಾಡಲಿಲ್ಲ.

ಡೋಸು ಸರಿಯಾಗಿದೆಯೋ ಇಲ್ಲವೋ ಅಂತ ನೋಡಲು ರಕ್ತದಲ್ಲಿ ಐಜಿಎಫ್-1 ಅಳೆಯುತ್ತಾರೆ. ಗ್ರೋತ್ ಹಾರ್ಮೋನು ತನ್ನ ಕೆಲಸದಲ್ಲಿ ಹೆಚ್ಚಿನದನ್ನು ಇನ್ನೊಬ್ಬರ ಕೈಯಿಂದ ಮಾಡಿಸುತ್ತದೆ. ಅದು ಲಿವರಿಗೆ ಹೋಗಿ ಹೇಳುತ್ತದೆ, ಲಿವರ್ ಐಜಿಎಫ್-1 ಅನ್ನುವ ಬೆಳವಣಿಗೆಯ ಅಂಶವನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಹೀಗೊಂದು ಅಂಶ ಇದೆ ಅಂತ 1957ರಲ್ಲೇ ಅಮೆರಿಕದ ಸಾಲ್ಮನ್ ಮತ್ತು ಡಾಹಡೇ ಅನ್ನುವವರು ತೋರಿಸಿದ್ದರು. ನನ್ನ ಮೊದಲ ಐಜಿಎಫ್-1 48 ಇತ್ತು. ನನ್ನ ವಯಸ್ಸಿಗೆ ನೂರರ ಮೇಲೆ ಇರಬೇಕು.

0.2 ಮಿಲಿಗ್ರಾಂನಿಂದ ಶುರು. ಎರಡು ತಿಂಗಳಿಗೆ ಐಜಿಎಫ್-1 55. ಡೋಸು 0.3 ಮಾಡಿದರು, 61 ಬಂತು. 0.4ಕ್ಕೆ 66. ಕೊನೆಗೆ 0.6 ಮಿಲಿಗ್ರಾಂ, ಆಗಲೂ 72. ಪ್ರತಿ ಸಲ ರಿಪೋರ್ಟ್ ಬಂದಾಗ ಅಣ್ಣ ಫೋನಿನಲ್ಲಿ ಕೇಳುತ್ತಿದ್ದ, "ಏನ್ ಬಂತು?" ನಾನು ಹೇಳಿದ ಮೇಲೆ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆ ವರ್ಷ ಅವನು ತೊಗರಿ ಮಾರಿದ ದುಡ್ಡಿನಲ್ಲಿ ಒಂದು ಭಾಗ ನನ್ನ ಪೆನ್ನಿಗೆ ಹೋಗಿತ್ತು. ನನ್ನ ಬಳೆಗಳಲ್ಲೂ ಎರಡು ಹೋಗಿದ್ದವು. ಇಂಜೆಕ್ಷನ್ ತಪ್ಪಿಸ್ತೀರಾ, ಪೆನ್ನು ಬಿಸಿಲಿಗೆ ಇಟ್ಟಿದ್ದಿರಾ ಅಂತ ಆಸ್ಪತ್ರೆಯಲ್ಲಿ ಕೇಳಿದರು. ಒಂದು ದಿನವೂ ತಪ್ಪಿಸಿರಲಿಲ್ಲ. ನನ್ನ ಲಿವರೇ ಕೆಟ್ಟಿದೆ ಅಂದುಕೊಂಡು ಲಿವರಿನ ಪರೀಕ್ಷೆ ಮಾಡಿಸಿದೆ. ಎಲ್ಲ ಸರಿಯಿತ್ತು.

2023ರ ಮೇ ತಿಂಗಳಲ್ಲಿ ಹೈದರಾಬಾದಿನ ಓಡಾಟ ಸಾಕಾಗಿ ಕಲಬುರಗಿಯಲ್ಲೇ ಒಬ್ಬ ಹಾರ್ಮೋನು ಡಾಕ್ಟರಮ್ಮನನ್ನು ನೋಡಲು ಹೋದೆ. ಅಣ್ಣನಿಗೆ ಆ ದಿನ ಬೇರೆ ಕೆಲಸವಿತ್ತು. ನಾನೊಬ್ಬಳೇ ಬಸ್ಸಿನಲ್ಲಿ ಹೋದೆ, ಮಡಿಲಲ್ಲಿ ಐಸಿನ ಡಬ್ಬಿ.

ಕಾಯುವ ಜಾಗದಲ್ಲಿ ಗುರುಮಠಕಲ್ ಕಡೆಯ ಒಬ್ಬ ಹುಡುಗ ಅವನ ತಾಯಿ ಜೊತೆ ಕುಳಿತಿದ್ದ. ಇಪ್ಪತ್ತಾರು ಇರಬಹುದು. ಅವನ ಮಡಿಲಲ್ಲೂ ಅಂಥದೇ ಡಬ್ಬಿ. ಪಿಟ್ಯುಟರಿಯಲ್ಲಿ ಗಡ್ಡೆಯಾಗಿ ಆಪರೇಷನ್ ಆಗಿತ್ತಂತೆ. ಅವನ ತಾಯಿ ನನ್ನ ಜೊತೆ ಮಾತಿಗೆ ಕುಳಿತರು. ಅವನಿಗೆ ಗಂಡಸರ ಹಾರ್ಮೋನು ಟೆಸ್ಟೋಸ್ಟೆರಾನ್ ಇಂಜೆಕ್ಷನ್, ಜೊತೆಗೆ ಗ್ರೋತ್ ಹಾರ್ಮೋನು 0.2 ಮಿಲಿಗ್ರಾಂ. ಐಜಿಎಫ್-1 190. ನಾನು ಅವನಿಗಿಂತ ಮೂರು ಪಟ್ಟು ಚುಚ್ಚಿಕೊಂಡು 72ಕ್ಕೆ ನಿಂತಿದ್ದೆ. ಆ ಹುಡುಗನಿಗೆ ಒಳ್ಳೆಯದಾಗಿದ್ದಕ್ಕೆ ಖುಷಿಯಾಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು.

ಒಳಗೆ ಹೋಗಿ ಕುಳಿತ ಕೂಡಲೇ ಅದನ್ನೇ ಕೇಳಿದೆ. "ಆ ಹುಡುಗಗ ಸಣ್ಣ ಡೋಸು ಸಾಕಾಗ್ಯಾದ, ನಂಗ್ಯಾಕ ಆಗವಲ್ದ್ರಿ?"

ಡಾಕ್ಟರಮ್ಮ ನನ್ನ ಫೈಲು ಪೂರ್ತಿ ತಿರುಗಿಸಿದರು. ಆಮೇಲೆ, "ನಿಮ್ಮ ಚೀಲದಾಗಿರೋ ಗುಳಿಗಿ ಎಲ್ಲಾ ಟೇಬಲ್ ಮ್ಯಾಲೆ ಇಡ್ರಿ" ಅಂದರು. ಇಟ್ಟೆ. "ಮನ್ಯಾಗ ಬಿಟ್ಟು ಬಂದದ್ದು?"

ಆ ಪ್ರಶ್ನೆಯನ್ನು ಯಾರೂ ನನಗೆ ಹಾಗೆ ಕೇಳಿರಲಿಲ್ಲ. ಹೇಳಿದೆ. ಸ್ಟೀಲ್ ಡಬ್ಬಿಯ ಕಥೆಯನ್ನೂ ಹೇಳಿದೆ. ಅವರು ಬರೆಯುವ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಚೀಟಿಯ ಹಿಂದೆ ಒಂದು ಲಿವರ್ ಬರೆದರು.

ನುಂಗಿದ್ದೆಲ್ಲ ಕರುಳಿಗೆ ಹೋಗುತ್ತದೆ. ಕರುಳಿನ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ, ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಲಿವರಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಉಳಿದ ಮೈಗೆ. ಹಾಗಾಗಿ ಬಾಯಿಂದ ತಗೊಂಡ ಈಸ್ಟ್ರೋಜನ್, ಉಳಿದ ಮೈ ಕಾಣುವುದಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಲಿವರಿಗೆ ಸಿಗುತ್ತದೆ. ನನಗೆ ಕೂಡಲೇ ನಮ್ಮ ಕಾಲುವೆ ನೆನಪಾಯಿತು. ನಾರಾಯಣಪುರ ಡ್ಯಾಮಿನ ನೀರು ಬಿಟ್ಟಾಗ ಮೇಲಿನವರ ಹೊಲ ಕೆರೆಯಾಗುತ್ತದೆ, ಕೊನೆಯವರ ಬದುವಿಗೆ ತೇವ ಬಂದರೆ ಸಾಕು.

"ಅಂದ್ರ ಲಿವರ್ ಅಂದ್ರ ಕಾಲುವಿ ಮ್ಯಾಗಿನ ಹೊಲ ಇದ್ದಂಗ್ರಿ?" ಅಂದೆ.

"ಹಂಗೇ. ಅದರಾಗ ನಿಮ್ಮ ಗುಳಿಗ್ಯಾಗಿರೋ ಈಸ್ಟ್ರೋಜನ್ ಲ್ಯಾಬಿನಾಗ ಮಾಡಿದ್ದು. ಲಿವರಿಗಿ ಅದನ್ನ ಲಗೂನ ಒಡಿಲಿಕ್ಕ ಆಗಲ್ಲ. ಭಾಳ ಹೊತ್ತು ಅಲ್ಲೇ ಕೆಲಸ ಮಾಡ್ತದ."

ಆಮೇಲೆ ಹೇಳಿದ್ದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು. ಲಿವರಿನ ಪ್ರತಿ ಜೀವಕೋಶದ ಮೇಲೆ ಗ್ರೋತ್ ಹಾರ್ಮೋನಿನ ಸುದ್ದಿ ಹಿಡಿದು ಒಳಗೆ ಮುಟ್ಟಿಸುವ ರಿಸೆಪ್ಟರ್‌ಗಳಿರುತ್ತವೆ. ಜೋಡಿಯಾಗಿ ಕೆಲಸ ಮಾಡುತ್ತವೆ. ಹಾರ್ಮೋನು ಬಂದು ಜೋಡಿಯ ನಡುವೆ ಕೂತರೆ, ಒಳಗೆ ಅಂಟಿಕೊಂಡಿರುವ ಜ್ಯಾಕ್2 ಅನ್ನುವ ಕಿಣ್ವ ಎಚ್ಚರವಾಗುತ್ತದೆ. ಅದು ಸ್ಟ್ಯಾಟ್5 ಅನ್ನುವ ಇನ್ನೊಂದಕ್ಕೆ ಸುದ್ದಿ ಕೊಡುತ್ತದೆ. ಅದು ಜೀವಕೋಶದ ನಡುಮನೆಗೆ, ಅಂದರೆ ನ್ಯೂಕ್ಲಿಯಸ್‌ಗೆ ಹೋಗಿ ಐಜಿಎಫ್-1 ಮಾಡುವ ಜೀನನ್ನು ಎಬ್ಬಿಸುತ್ತದೆ. ಈಸ್ಟ್ರೋಜನ್ ಜಾಸ್ತಿ ಬಂದಾಗ ಲಿವರ್ ಕೋಶ ಸಾಕ್ಸ್2 ಅನ್ನುವ ಒಂದು ಪ್ರೋಟೀನನ್ನು ಹೆಚ್ಚು ಮಾಡುತ್ತದೆ. ಆ ಪ್ರೋಟೀನು ಜ್ಯಾಕ್2ನ ಕೈ ಹಿಡಿಯುತ್ತದೆ.

"ನಿಮ್ಮ ಅಣ್ಣನ ಹೊಲದಾಗ ಬೋರ್ ಅದ ಏನ್ರಿ?" ಅಂತ ಕೇಳಿದರು. ಇದೆ ಅಂದೆ. "ಸ್ಟಾರ್ಟರ್ ಒತ್ತಲಕತ್ತೀರಿ. ಮ್ಯಾಲಿಂದ ಮ್ಯಾಲೆ ಒತ್ತಲಕತ್ತೀರಿ. ಫ್ಯೂಸ್ ತೆಗೆದಿಟ್ಟಾರ. ಮೋಟಾರ್ ಹ್ಯಾಂಗ್ ತಿರುಗಬೇಕು?"

ನಾನು ಕುರ್ಚಿಯಲ್ಲಿ ಹಾಗೇ ಕುಳಿತೆ. ಹದಿನಾರು ತಿಂಗಳು. ಅಣ್ಣನ ತೊಗರಿ. ಎರಡು ಬಳೆ.

"ಲಿವರ್ ಕೆಟ್ಟದ ಏನ್ರಿ ಹಂಗಾದ್ರ?" ಅಂತ ಕೇಳಿದೆ. ಕೆಟ್ಟಿಲ್ಲ, ಬಂದ ಮಾತನ್ನು ಅದು ಸರಿಯಾಗಿಯೇ ಕೇಳುತ್ತಿದೆ ಅಂದರು. ಈಸ್ಟ್ರೋಜನ್ "ತಡೆ" ಅಂದಿದೆ, ತಡೆದಿದೆ. ಗ್ರೋತ್ ಹಾರ್ಮೋನು ಮಿತಿಮೀರಿ ಕೈಕಾಲು ದಪ್ಪವಾಗುವ ರೋಗಿಗಳಿಗೆ ಹಿಂದೆ ಈಸ್ಟ್ರೋಜನ್ನನ್ನೇ ಔಷಧಿಯಾಗಿ ಕೊಟ್ಟದ್ದೂ ಇದೆಯಂತೆ. ಅವರಿಗೆ ವರವಾದದ್ದು ನನಗೆ ಅಡ್ಡವಾಗಿತ್ತು.

ಟೆಸ್ಟೋಸ್ಟೆರಾನ್ ಹೀಗೆ ತಡೆಯುವುದಿಲ್ಲ. ಗ್ರೋತ್ ಹಾರ್ಮೋನಿನ ಕೆಲಸಕ್ಕೆ ಅದು ಕೈ ಜೋಡಿಸುತ್ತದೆ. ಗುರುಮಠಕಲ್ ಹುಡುಗನಿಗೆ ಸಣ್ಣ ಡೋಸು ಸಾಕಾಗಿದ್ದು ಅದಕ್ಕೇ. ಹೆಂಗಸರಿಗೆ ಮೊದಲಿಂದಲೂ ಗಂಡಸರಿಗಿಂತ ಹೆಚ್ಚು ಡೋಸು ಬೇಕು, ಬಾಯಿಂದ ಈಸ್ಟ್ರೋಜನ್ ತಗೊಳ್ಳುವವರಿಗೆ ಇನ್ನೂ ಹೆಚ್ಚು.

ಮನೆಗೆ ಬಂದ ಮೇಲೆ ರಾತ್ರಿ ರಾತ್ರಿ ಕುಳಿತು ಓದಿದೆ. ಸಾಕ್ಸ್2ನ ಕಥೆಯನ್ನು ಬಿಡಿಸಿದ್ದು ಸಿಡ್ನಿಯ ಗಾರ್ವನ್ ಸಂಸ್ಥೆಯಲ್ಲಿ ಕೆನ್ ಹೋ ಅವರ ತಂಡ, 2003ರಲ್ಲಿ. ಅದಕ್ಕೂ ಹನ್ನೆರಡು ವರ್ಷ ಮುಂಚೆ, 1991ರಲ್ಲಿ, ಹೋ ಮತ್ತು ಅವರ ಜೊತೆಗಾರರು ಮುಟ್ಟು ನಿಂತ ಹೆಂಗಸರಿಗೆ ಈಸ್ಟ್ರೋಜನ್ನನ್ನು ಬಾಯಿಂದಲೂ ಚರ್ಮದಿಂದಲೂ ಕೊಟ್ಟು ನೋಡಿದ್ದರು. ಬಾಯಿಂದ ಕೊಟ್ಟಾಗ ಐಜಿಎಫ್-1 ಇಳಿಯಿತು, ಗ್ರೋತ್ ಹಾರ್ಮೋನು ಏರಿತು. ಚರ್ಮದಿಂದ ಕೊಟ್ಟಾಗ ಹಾಗಾಗಲಿಲ್ಲ. ಆ ಏರಿದ ಗ್ರೋತ್ ಹಾರ್ಮೋನಿನ ಸಾಲನ್ನು ನಾನು ಎರಡು ಸಲ ಓದಿದೆ. ಪಿಟ್ಯುಟರಿ ಚೆನ್ನಾಗಿರುವ ಹೆಂಗಸಿನಲ್ಲಿ, ಲಿವರ್ ಕಿವಿ ಮುಚ್ಚಿಕೊಂಡರೆ ಪಿಟ್ಯುಟರಿ ಇನ್ನಷ್ಟು ಜೋರಾಗಿ ಕೂಗುತ್ತದೆ. ಕೊರತೆ ಸುಮಾರಾಗಿ ತುಂಬಿಕೊಳ್ಳುತ್ತದೆ. ಹಾಗಾಗಿ ಲಕ್ಷಾಂತರ ಹೆಂಗಸರು ಆ ಗುಳಿಗೆ ತಗೊಂಡು ಆರಾಮಾಗಿದ್ದಾರೆ, ಇದನ್ನು ಓದಿ ಯಾರೂ ತಮ್ಮ ಗುಳಿಗೆ ಬಿಡಬೇಕಿಲ್ಲ. ನನ್ನಲ್ಲಿ ಕೂಗುವ ಪಿಟ್ಯುಟರಿಯೇ ಇಲ್ಲ. ಪೆನ್ನಿನಲ್ಲಿ 0.6 ಅಂದರೆ ಅಷ್ಟೇ, ಅದು ತಾನಾಗಿ 0.7 ಆಗುವುದಿಲ್ಲ.

ಇನ್ನೂ ಓದುತ್ತಾ ಹೋದರೆ ಮುಗಿಯದ ಲೋಕ ಅದು. ಗ್ರೋತ್ ಹಾರ್ಮೋನಿನ ರಿಸೆಪ್ಟರ್ ಜೀನನ್ನು ಮೊದಲು ಹಿಡಿದದ್ದು 1987ರಲ್ಲಿ, ಅದೂ ಲಿವರಿನಿಂದಲೇ. ಗಂಡು ಇಲಿಯಲ್ಲಿ ಈ ಹಾರ್ಮೋನು ಮೂರು ಚಿಲ್ಲರೆ ಗಂಟೆಗೊಮ್ಮೆ ಅಲೆಯಂತೆ ಬರುತ್ತದೆ, ಹೆಣ್ಣು ಇಲಿಯಲ್ಲಿ ಸಣ್ಣಗೆ ಬರುತ್ತಲೇ ಇರುತ್ತದೆ. ಆ ಲಯ ಕೇಳಿಯೇ ಲಿವರ್ ತಾನು ಗಂಡಿನ ಮೈಯಲ್ಲಿದ್ದೇನೋ ಹೆಣ್ಣಿನ ಮೈಯಲ್ಲೋ ಅಂತ ತಿಳಿದುಕೊಂಡು, ಕಿಣ್ವಗಳನ್ನು ಬೇರೆ ಬೇರೆ ಅಳತೆಯಲ್ಲಿ ಮಾಡುತ್ತದೆ. ಸ್ಟ್ಯಾನ್ಲಿ ಕೋಹೆನ್‌ಗೆ 1986ರ ನೊಬೆಲ್ ತಂದುಕೊಟ್ಟ ಇಜಿಎಫ್ ಅನ್ನುವ ಬೆಳವಣಿಗೆ ಅಂಶದ ರಿಸೆಪ್ಟರ್ ಕೂಡ ಗಂಡು ಇಲಿಗಳ ಲಿವರಿನಲ್ಲಿ ಹೆಣ್ಣಿನದಕ್ಕಿಂತ ಹೆಚ್ಚು. ಇಷ್ಟು ವರ್ಷ ಮಕ್ಕಳಿಗೆ ನಾನು ಲಿವರ್ ಅಂದರೆ ಪಿತ್ತ, ಲಿವರ್ ಅಂದರೆ ಸಕ್ಕರೆಯ ಉಗ್ರಾಣ ಅಂತ ಹೇಳಿದ್ದೆ. ಗಂಡು ಹೆಣ್ಣಿನ ಗುರುತು ಅದಕ್ಕೂ ಇದೆ ಅಂತ ಒಮ್ಮೆಯೂ ಹೇಳಿರಲಿಲ್ಲ.

ಡಾಕ್ಟರಮ್ಮ ಗುಳಿಗೆ ನಿಲ್ಲಿಸಿ, ಈಸ್ಟ್ರಡಯಾಲ್ ಅನ್ನುವ ಈಸ್ಟ್ರೋಜನ್ ಇರುವ, ಚರ್ಮಕ್ಕೆ ಹಚ್ಚುವ ಜೆಲ್ ಬರೆದುಕೊಟ್ಟರು. ಜೊತೆಗೆ ತಿಂಗಳಿಗೆ 12 ದಿನ ಪ್ರೊಜೆಸ್ಟರಾನ್, ಅದು ಗರ್ಭಕೋಶದ ಒಳಪದರ ದಪ್ಪವಾಗದಂತೆ ಕಾಯುತ್ತದೆ. ಜೆಲ್ ಹಚ್ಚುವುದಕ್ಕೂ ಒಂದು ಶಿಸ್ತಿದೆ. ತೋಳಿಗೋ ತೊಡೆಗೋ ತೆಳುವಾಗಿ ಹಚ್ಚಬೇಕು, ಎದೆಗೆ ಹಚ್ಚಬಾರದು. ಒಣಗುವವರೆಗೆ ಬಟ್ಟೆ ತಾಗಬಾರದು. ಆ ಜಾಗವನ್ನು ಮಗ ಮುಟ್ಟಬಾರದು, ಅವನ ಮೈಗೂ ಹೋಗುತ್ತದೆ. ಅದರಲ್ಲಿ ಸ್ಪಿರಿಟ್ ಇರುವುದರಿಂದ ಒಲೆಯ ಹತ್ತಿರ ಬೇಡ. ಬೇಸಿಗೆಯ ಬೆವರು ನನಗೆ ದೊಡ್ಡ ಚಿಂತೆಯಾಗಿತ್ತು. ಹಗಲಲ್ಲಿ ಹಚ್ಚಿದರೆ ಐದು ನಿಮಿಷಕ್ಕೆ ಮೈ ಒದ್ದೆ. ಕೊನೆಗೆ ರಾತ್ರಿ ಸ್ನಾನ ಮಾಡಿ, ಮೈ ಪೂರ್ತಿ ಆರಿದ ಮೇಲೆ, ಫ್ಯಾನಿನ ಕೆಳಗೆ ನಿಂತು ತೊಡೆಗೆ ಹಚ್ಚುವುದನ್ನು ರೂಢಿ ಮಾಡಿಕೊಂಡೆ. ಒಂದು ತೊಡೆಗೆ ಜೆಲ್, ಇನ್ನೊಂದಕ್ಕೆ ಪೆನ್ನು.

ಇಂಜೆಕ್ಷನ್ ಡೋಸನ್ನು ಒಂದೇ ಸಲ ಇಳಿಸಲಿಲ್ಲ. ಕೈ ಊದಿದರೆ, ಕೀಲು ನೋವಾದರೆ ಕೂಡಲೇ ಫೋನ್ ಮಾಡಿ ಅಂದಿದ್ದರು. ಐದನೇ ವಾರ ಉಳಿದಿದ್ದ ಬಳೆ ಕೈಯಿಂದ ಹೊರಗೆ ಬರಲಿಲ್ಲ. ಸೋಪು ಹಚ್ಚಿ ತೆಗೆದೆ. ಬೆಳಿಗ್ಗೆ ಬೆರಳು ಮಡಚಲು ಆಗುತ್ತಿರಲಿಲ್ಲ. ರಕ್ತ ಕೊಟ್ಟೆ. ಐಜಿಎಫ್-1 310 ಬಂತು. ಮಿತಿಗಿಂತ ಮೇಲೆ. ಅದೇ ಪೆನ್ನು, ಅದೇ 0.6, ಅದೇ ನಾನು. ಬದಲಾಗಿದ್ದು ಈಸ್ಟ್ರೋಜನ್ ಯಾವುದು, ಅದು ಒಳಗೆ ಹೋದ ದಾರಿ ಯಾವುದು ಅನ್ನೋದು ಮಾತ್ರ. ರಿಪೋರ್ಟ್ ಹಿಡಿದು ನಾನು ಅತ್ತೆ, ಹೆಚ್ಚಾಗಿದೆ ಅನ್ನೋ ಚಿಂತೆಗಲ್ಲ.

ಡೋಸು 0.3ಕ್ಕೆ ಇಳಿಸಿದರು. ಎರಡು ತಿಂಗಳಿಗೆ 170. ಊತ ಹೋಯಿತು, ಬಳೆ ಸರಾಗವಾಗಿ ಹತ್ತಿ ಇಳಿಯಿತು. ಪೆನ್ನಿನ ಖರ್ಚು ಅರ್ಧವಾಯಿತು. ಥೈರಾಯ್ಡ್ ಗುಳಿಗೆಯನ್ನೂ ಮತ್ತೆ ಅಳೆದು ಸ್ವಲ್ಪ ಕಡಿಮೆ ಮಾಡಿದರು. ಬಾಯಿಂದ ತಗೊಂಡ ಈಸ್ಟ್ರೋಜನ್ ಲಿವರಿನಿಂದ ಥೈರಾಯ್ಡ್ ಹಾರ್ಮೋನನ್ನು ಹೊರುವ ಪ್ರೋಟೀನನ್ನೂ ಜಾಸ್ತಿ ಮಾಡಿಸುತ್ತದೆ. ಹೊರುವವರು ಜಾಸ್ತಿಯಾದರೆ ಹಾರ್ಮೋನು ಅವರ ಹೆಗಲ ಮೇಲೇ ಉಳಿಯುತ್ತದೆ, ಕೆಲಸಕ್ಕೆ ಸಿಗುವುದು ಕಡಿಮೆ, ಡೋಸು ಏರಿಸಬೇಕಾಗುತ್ತದೆ. ಕಾರ್ಟಿಸೋಲ್ ಹೊರುವ ಪ್ರೋಟೀನೂ ಹಾಗೇ ಏರುತ್ತದೆ, ಅದರಿಂದ ರಕ್ತದಲ್ಲಿ ಕಾರ್ಟಿಸೋಲ್ ಅಳೆದರೆ ನಿಜಕ್ಕಿಂತ ಹೆಚ್ಚು ಕಾಣುತ್ತದೆ. ನನ್ನಂಥವಳಿಗೆ ಅದು ಅಪಾಯದ ತಪ್ಪು ಲೆಕ್ಕ. ಕುಪ್ಪಸದ ಕಣದ ಕೆಳಗಿದ್ದ ಆ ಒಂದು ಸ್ಟ್ರಿಪ್ ಇಷ್ಟೆಲ್ಲ ಲೆಕ್ಕಗಳ ಒಳಗೆ ಕೈಯಾಡಿಸಿತ್ತು.

ಸುಸ್ತು ಒಂದೇ ದಿನಕ್ಕೆ ಹೋಗಲಿಲ್ಲ. ಆರೇಳು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಕೊನೆಯ ಪೀರಿಯಡ್ ಮುಗಿದ ಮೇಲೂ ನಾನು ಬೋರ್ಡ್ ಮುಂದೆ ನಿಂತೇ ಇದ್ದೆ. ಮಕ್ಕಳು ಬ್ಯಾಗು ಹಾಕಿಕೊಂಡು ಕಾಯುತ್ತಿದ್ದರು. "ಟೀಚರ್, ಬೆಲ್ ಆಯ್ತ್ರಿ" ಅಂದರು. ಆಗ ಗೊತ್ತಾಯಿತು, ಇಷ್ಟು ಹೊತ್ತು ಕುಳಿತಿಲ್ಲ ಅಂತ.

ಅಣ್ಣನಿಗೆ ಹೇಳಲು ಇನ್ನೂ ಸ್ವಲ್ಪ ದಿನ ಬೇಕಾಯಿತು. ಡೋಸು ಅರ್ಧ ಆಗಿದೆ ಅಂತ ಮಾತ್ರ ಹೇಳಿದ್ದೆ. ಅವನು ಡಾಕ್ಟರಮ್ಮನನ್ನು ಹೊಗಳಿದ. ಮುಂದಿನ ಸಲ ತಾನೂ ಬರುತ್ತೇನೆ ಅಂದ. ಬಂದ. ಡಾಕ್ಟರಮ್ಮ ರೂಢಿಯಂತೆ, "ಏನೇನ್ ತಗೋಳ್ಳಕತ್ತೀರಿ, ಎಲ್ಲಾ ಹೇಳ್ರಿ" ಅಂದರು. ಅಣ್ಣ ಪಕ್ಕದ ಕುರ್ಚಿಯಲ್ಲೇ ಇದ್ದ. ನನ್ನ ಕಿವಿ ಬಿಸಿಯಾದವು. ಹೈಡ್ರೋಕಾರ್ಟಿಸೋನ್ ಹೇಳಿದೆ, ಥೈರಾಯ್ಡ್ ಹೇಳಿದೆ, ಪೆನ್ನು ಹೇಳಿದೆ. ಆಮೇಲೆ ಜೆಲ್ಲು, ಅದು ಯಾಕೆ, ಪ್ರೊಜೆಸ್ಟರಾನ್ ಎಷ್ಟು ದಿನ, ಮುಟ್ಟು ಯಾವಾಗ, ಮೊದಲು ಯಾವ ಗುಳಿಗೆ ಇತ್ತು, ಅದನ್ನು ಹೈದರಾಬಾದಿನಲ್ಲಿ ಯಾಕೆ ಹೇಳಲಿಲ್ಲ, ಎಲ್ಲವನ್ನೂ ಹೇಳಿದೆ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಕೇಳಿದರು.

ಅಣ್ಣ ನೆಲ ನೋಡುತ್ತಿದ್ದ. ಹೊರಗೆ ಬಂದ ಮೇಲೆ ಒಂದೇ ಮಾತು ಅಂದ. "ನನಗ ಹೊರಗ ಕುಂದ್ರು ಅಂದಿದ್ರ ಕುಂದ್ರತಿದ್ನಲ್ಲ ತಂಗಿ."

ಚೀಟಿ ನನ್ನ ಕೈಯಿಂದ ತಗೊಂಡು ಎದುರಿನ ಔಷಧಿ ಅಂಗಡಿಗೆ ಹೋದ. ಕೌಂಟರಿನಲ್ಲಿ ಜೆಲ್ಲಿನ ಹೆಸರನ್ನು ಜೋರಾಗಿ ಓದಿದ. ಇರಲಿಲ್ಲ. ತರಿಸಬೇಕು, ಎರಡು ದಿನ ಆಗುತ್ತದೆ ಅಂದರು. ಅಣ್ಣ ತನ್ನ ಫೋನ್ ನಂಬರ್ ಬರೆದುಕೊಟ್ಟ.